ಬೆಳಗಾಗುವವರೆಗೆ ಕಾಯಬಹುದೇ?

ಕುಟುಂಬ ಆರೋಗ್ಯ



ಬೇನೆಯು ಹೊತ್ತು ಗೊತ್ತು ನೋಡಿ ಮನೆಗೆ ಬರುವುದಿಲ್ಲ. ಹಗಲೆಲ್ಲ ಹೊಲದಲ್ಲಿ ದುಡಿದು, ರಾತ್ರಿ ರೊಟ್ಟಿಯುಂಡು ಮಲಗಿದ ಹಿರಿಯರು ನಡುರಾತ್ರಿಯಲ್ಲಿ ಎದ್ದು ಕುಳಿತು ಎದೆಯನ್ನು ಒತ್ತಿಕೊಳ್ಳುತ್ತಾರೆ. ಸಂಜೆಯಿಂದ ಭೇದಿಯಾಗುತ್ತಿದ್ದ ಕೂಸು ಮೊಲೆಯುಣ್ಣದೆ ಸುಮ್ಮನೆ ಬಿದ್ದುಕೊಳ್ಳುತ್ತದೆ. ಆಗ ಮನೆಯಲ್ಲಿ ಎರಡು ಮಾತು ಏಳುತ್ತವೆ. ಒಬ್ಬರು "ಈಗಲೇ ರಾಣೇಬೆನ್ನೂರಿಗೆ ಕರಕೊಂಡು ಹೋಗೂಣು" ಎಂದರೆ, ಇನ್ನೊಬ್ಬರು "ಬೆಳಗಾಗಲಿ, ನೋಡೂಣು" ಎನ್ನುತ್ತಾರೆ. ಈ ಎರಡು ಮಾತುಗಳ ನಡುವೆ ಎಷ್ಟೋ ಜೀವಗಳು ಉಳಿದಿವೆ, ಎಷ್ಟೋ ಜೀವಗಳು ಹೋಗಿವೆ.

ಹಲಗೇರಿಯಂತಹ ಊರುಗಳಲ್ಲಿ ಈ ತೀರ್ಮಾನಕ್ಕೆ ಇರುವ ತೂಕವೇ ಬೇರೆ. ದೊಡ್ಡ ಪಟ್ಟಣದ ನಿವಾಸಿಗೆ ಆಸ್ಪತ್ರೆಯು ಓಣಿಯ ತಿರುವಿನಲ್ಲಿರುತ್ತದೆ. ನಮ್ಮವರಿಗೆ ತಾಲ್ಲೂಕು ಆಸ್ಪತ್ರೆಯೆಂದರೆ ರಾಣೇಬೆನ್ನೂರು. ಅಲ್ಲಿ ಆಗದೆಂದರೆ ಹೆದ್ದಾರಿ ಹಿಡಿದು ಒಂದು ಕಡೆಗೆ ಹಾವೇರಿ, ಅದನ್ನು ದಾಟಿ ಹುಬ್ಬಳ್ಳಿ. ಇನ್ನೊಂದು ಕಡೆಗೆ ಹರಿಹರ ದಾಟಿ ದಾವಣಗೆರೆ. ರಾಣೇಬೆನ್ನೂರಿನಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್, ದಾವಣಗೆರೆಗೆ ಅದರ ಅರ್ಧಕ್ಕಿಂತಲೂ ಕಡಿಮೆ. ಹೊರಡುವುದೇ ತಡವಾದರೆ ಹಾದಿಯೂ ತನ್ನ ಪಾಲಿನ ಹೊತ್ತನ್ನು ತಿನ್ನುತ್ತದೆ. ಆದುದರಿಂದ ಯಾವಾಗ ಏಳಬೇಕು, ಯಾವಾಗ ಕಾಯಬಹುದು ಎಂಬುದನ್ನು ಗೃಹಸ್ಥರೆಲ್ಲರೂ ಮೊದಲೇ ತಿಳಿದಿರಬೇಕು.

ನೋವೊಂದೇ ಅಳತೆಯಲ್ಲ

ಸಾಮಾನ್ಯವಾಗಿ ನಾವು ರೋಗದ ಗಂಭೀರತೆಯನ್ನು ನೋವಿನಿಂದ ಅಳೆಯುತ್ತೇವೆ. ರೋಗಿ ಚೀರಿದರೆ ಓಡುತ್ತೇವೆ, ಸುಮ್ಮನಿದ್ದರೆ ಸಮಾಧಾನಪಡುತ್ತೇವೆ. ಈ ಅಳತೆಗೋಲು ನಂಬತಕ್ಕದ್ದಲ್ಲ. ಹಲ್ಲುನೋವು ಗಟ್ಟಿ ಆಳನ್ನೂ ಅಳಿಸುತ್ತದೆ. ಆದರೆ ಒಂದು ರಾತ್ರಿ ತಾಳಿದರೆ ಬಹುಮಟ್ಟಿಗೆ ಕಳೆದುಕೊಳ್ಳುವುದೇನೂ ಇಲ್ಲ. ಪಾರ್ಶ್ವವಾಯುವಿನಲ್ಲಿ ಹೆಚ್ಚಿನವರಿಗೆ ನೋವೇ ಇರುವುದಿಲ್ಲ. ಬಾಯಿ ಸೊಟ್ಟಗಾಗುತ್ತದೆ, ಕೈ ಸೋಲುತ್ತದೆ, ಮಾತು ತೊದಲುತ್ತದೆ, ಅಷ್ಟೆ. ಆದರೆ ಅಲ್ಲಿ ಕಳೆಯುವ ಒಂದೊಂದು ನಿಮಿಷದಲ್ಲಿಯೂ ಮೆದುಳಿನ ಒಂದಷ್ಟು ಭಾಗ ಶಾಶ್ವತವಾಗಿ ನಶಿಸುತ್ತಿರುತ್ತದೆ.

ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ "ಎಷ್ಟು ನೋಯುತ್ತಿದೆ?" ಎಂಬುದಲ್ಲ, "ಬೆಳಗಿನವರೆಗೆ ಕಾಯ್ದರೆ ಕಳೆದುಹೋಗುವುದು ಮರಳಿ ಬರುವುದೇ?" ಎಂಬುದು. ಮರಳಿ ಬರುವುದಾದರೆ ಕಾಯಬಹುದು. ಬಾರದು ಎಂಬ ಸಂಶಯವಿದ್ದರೆ ಕಾಯಕೂಡದು. ಮುಂದೆ ಹೇಳುವುದೆಲ್ಲವೂ ಈ ಒಂದು ಪ್ರಶ್ನೆಯ ವಿವರಣೆಯೇ ಆಗಿದೆ.

ಚರ್ಚೆಗೆ ಎಡೆಯಿಲ್ಲದ ಲಕ್ಷಣಗಳು

ಕೆಲವು ಲಕ್ಷಣಗಳು ಕಂಡಾಗ ಮನೆಯಲ್ಲಿ ವಿಚಾರ ಮಾಡುತ್ತ ಕುಳಿತುಕೊಳ್ಳಬಾರದು. ಉಸಿರಾಟ ಕಷ್ಟವಾಗಿ ಒಂದು ವಾಕ್ಯವನ್ನೂ ಪೂರ್ತಿ ಆಡಲಾಗದಿರುವುದು; ಎಚ್ಚರ ತಪ್ಪುವುದು ಅಥವಾ ಇದ್ದಕ್ಕಿದ್ದಂತೆ ಗುರುತು ಹಿಡಿಯದಂತಾಗುವುದು; ಒತ್ತಿ ಹಿಡಿದರೂ ನಿಲ್ಲದ ರಕ್ತಸ್ರಾವ; ರಕ್ತವಾಂತಿ ಅಥವಾ ಡಾಂಬರಿನಂತೆ ಕಪ್ಪಾದ ಮಲ; ಮೊದಲ ಸಲ ಬಂದ ಅಥವಾ ಐದು ನಿಮಿಷ ದಾಟಿದರೂ ನಿಲ್ಲದ ಸೆಳವು; ಹಿಂದೆಂದೂ ಕಾಣದಂತೆ ಸಿಡಿಲಿನಂತೆ ಎರಗಿದ ತಲೆನೋವು; ತಲೆಗೆ ಪೆಟ್ಟು ಬಿದ್ದ ಮೇಲೆ ಮತ್ತೆ ಮತ್ತೆ ವಾಂತಿ ಅಥವಾ ಮಂಪರು; ಮುಖ, ಎದೆ, ಕೈಗಳನ್ನು ಆವರಿಸಿದ ಸುಟ್ಟಗಾಯ. ಇವುಗಳಲ್ಲಿ ಯಾವುದೊಂದು ಕಂಡರೂ ಮೊದಲು ಫೋನು, ಆಮೇಲೆ ಮಾತು.

ಪಾರ್ಶ್ವವಾಯುವಿನ ಸಂಶಯವಿದ್ದಾಗ ಗಡಿಯಾರ ನೋಡಿ, ಆ ವ್ಯಕ್ತಿ ಕೊನೆಯ ಸಲ ಸರಿಯಾಗಿದ್ದ ಹೊತ್ತನ್ನು ಗುರುತು ಹಾಕಿಕೊಳ್ಳಬೇಕು. ರಕ್ತದ ಹೆಪ್ಪನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಒಳಗೆ ಕೊಡಬೇಕಾಗುತ್ತದೆ. ಅದಕ್ಕೂ ಮೊದಲು ತಲೆಯ ಸಿ.ಟಿ. ಸ್ಕ್ಯಾನ್ ಆಗಬೇಕು. ಆದ್ದರಿಂದ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೇ ನೇರವಾಗಿ ಒಯ್ಯುವುದು ಲೇಸು. ರೋಗಿಗೆ ನೀರು, ಚಹಾ, ಗುಳಿಗೆ ಏನನ್ನೂ ಕುಡಿಸಬಾರದು. ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ.

ಹೊಲದಲ್ಲಿ ಒದಗುವ ಆಪತ್ತು

ನಮ್ಮದು ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವ ಸೀಮೆ. ರಾಣೇಬೆನ್ನೂರಿನ ಸುತ್ತಲಿನ ಬೀಜೋತ್ಪಾದನೆಯ ಹೊಲಗಳಲ್ಲಿ ನೂರಾರು ತಾಯಂದಿರು ದುಡಿಯುತ್ತಾರೆ. ಹೊಲವಿದ್ದಲ್ಲಿ ಹಾವು ಇದೆ, ಹಾವು ಇದ್ದಲ್ಲಿ ಅಂಜಿಕೆಯೂ ಇದೆ. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು.

ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷವು ಕೆಲಸ ಮಾಡುತ್ತದೆ. ಆದ್ದರಿಂದ ಹಾವನ್ನು ಹುಡುಕಿ ಕೊಂದು ಆಸ್ಪತ್ರೆಗೆ ತರುವ ಅಗತ್ಯವಿಲ್ಲ. ಆ ಹುಡುಕಾಟದಲ್ಲಿ ಹೊತ್ತು ಹೋಗುವುದು, ಇನ್ನೊಬ್ಬರಿಗೆ ಕಡಿಯುವುದು ಎರಡೂ ಉಂಟು. ಕಟ್ಟುಹಾವಿನ ವಿಚಾರದಲ್ಲಿ ವಿಶೇಷ ಎಚ್ಚರ ಬೇಕು. ಅದು ಹೆಚ್ಚಾಗಿ ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಡಿಯುತ್ತದೆ. ಬಾವು ಇಲ್ಲ, ಉರಿ ಇಲ್ಲ, ಹಲ್ಲಿನ ಗುರುತೂ ಕಾಣಿಸದಿರಬಹುದು. ನಸುಕಿನಲ್ಲಿ ಹೊಟ್ಟೆನೋವು, ಗಂಟಲು ಕಟ್ಟಿದಂತಾಗುವುದು, ಕಣ್ಣುರೆಪ್ಪೆ ತಾನಾಗಿ ಜೋಲುವುದು ಕಂಡುಬರುತ್ತವೆ. ಮನೆಯವರು ನಿದ್ದೆಗಣ್ಣೆಂದು ಸುಮ್ಮನಿರುತ್ತಾರೆ. ಅಷ್ಟರಲ್ಲಿ ವಿಷವು ಉಸಿರಾಟದ ಸ್ನಾಯುಗಳನ್ನು ಮುಟ್ಟಿರುತ್ತದೆ. ನೆಲದ ಮೇಲೆ ಮಲಗಿದವರಿಗೆ ಬೆಳಗಿನ ಜಾವ ರೆಪ್ಪೆ ಜೋತರೆ ಹಾವು ಕಡಿತವೆಂದೇ ಭಾವಿಸಿ ಹೊರಡಬೇಕು.

ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು ಇವೆಲ್ಲ ಹಾನಿಕರ. ಕಡಿತವಾದ ಕೈಯನ್ನೋ ಕಾಲನ್ನೋ ಎಲುಬು ಮುರಿದಾಗ ಮಾಡುವಂತೆ ಹಲಗೆ ಇಟ್ಟು ಅಲುಗಾಡದಂತೆ ಸಡಿಲವಾಗಿ ಕಟ್ಟಿ, ರೋಗಿಯನ್ನು ನಡೆಸದೆ ಕರೆದೊಯ್ಯಬೇಕು. ಉಂಗುರ, ಬಳೆ, ಕಾಲುಂಗುರಗಳನ್ನು ಬಾವು ಬರುವ ಮೊದಲೇ ತೆಗೆಯಬೇಕು. ಆಸ್ಪತ್ರೆಯಲ್ಲಿ ರಕ್ತವನ್ನು ಗಾಜಿನ ನಳಿಗೆಯಲ್ಲಿ 20 ನಿಮಿಷ ಇಟ್ಟು ಹೆಪ್ಪುಗಟ್ಟಿತೇ ಇಲ್ಲವೇ ಎಂದು ನೋಡುತ್ತಾರೆ. ಮೊದಲ ಪರೀಕ್ಷೆ ಸರಿಯಿದ್ದರೂ ಒಂದು ಹಗಲು ರಾತ್ರಿ ಇರಿಸಿಕೊಳ್ಳುತ್ತಾರೆ. ಆಗ "ಏನೂ ಆಗಿಲ್ಲಲ್ಲ" ಎಂದು ಎದ್ದು ಬರಬಾರದು.

ಮಂತ್ರ ಹಾಕಿಸುವವರ ಭಕ್ತಿಯನ್ನು ನಾವು ಹೀಯಾಳಿಸುವುದಿಲ್ಲ. ಆದರೆ ಮಂತ್ರಕ್ಕೆ ಕಾಯುವ ಹೊತ್ತು ಆಸ್ಪತ್ರೆಯ ಹಾದಿಯ ಹೊತ್ತು ಎಂಬುದನ್ನು ಮರೆಯಬಾರದು. ವೈದ್ಯ ಸಂಗಣ್ಣನವರಂತಹ ಶರಣರು ವೈದ್ಯವನ್ನೇ ಕಾಯಕವಾಗಿ ಕೈಗೊಂಡ ಪರಂಪರೆ ನಮ್ಮದು. ವೈದ್ಯರ ಬಳಿಗೆ ಹೋಗುವುದು ನಂಬಿಕೆಗೆ ಕುಂದಲ್ಲ.

ಬೆಳೆಗೆ ಹೊಡೆಯುವ ಎಣ್ಣೆಯ ವಿಷಬಾಧೆಯೂ ಇಂಥದೇ. ಸಿಂಪಡಿಸುವಾಗ ಕಣ್ಣು ಮಂಜಾಗಿ, ಬಾಯಲ್ಲಿ ಜೊಲ್ಲು ಸುರಿದು, ಬೆವರು, ವಾಂತಿ ಬಂದರೆ ಕೂಡಲೇ ಬಟ್ಟೆ ಕಳಚಿ, ಮೈಯನ್ನು ಸಾಬೂನು ನೀರಿನಿಂದ ತೊಳೆದು, ಡಬ್ಬಿಯನ್ನು ಚೀಟಿ ಸಮೇತ ಜೊತೆಗೊಯ್ದು ಆಸ್ಪತ್ರೆ ಸೇರಬೇಕು. ಹೊಟ್ಟೆಗೆ ಸೇರಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಯಾರಾದರೂ ಮನನೊಂದು ಅಂಥದನ್ನು ಸೇವಿಸಿದ್ದರೆ ಮಾನಕ್ಕಂಜಿ ಮುಚ್ಚಿಡುವುದು ಜೀವಕ್ಕೆ ಎರವಾಗುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಶಿಕ್ಷೆಯಿಂದ ರಕ್ಷಿಸುತ್ತದೆ. ಮನಸ್ಸು ಕುಸಿದವರು 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಉಚಿತವಾಗಿ ಮಾತನಾಡಬಹುದು.

ನಾಯಿ ಕಡಿದ ಗಾಯಕ್ಕೆ ಖಾರದ ಪುಡಿ ತುಂಬುವ ರೂಢಿ ಇನ್ನೂ ಪೂರ್ತಿ ಅಳಿದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಅಡುಗೆಗೆ ಭೂಷಣ, ಗಾಯಕ್ಕಲ್ಲ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಲಸಿಕೆ ಹಾಕಿಸಬೇಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧಿಯಿಲ್ಲ.

ಎದೆನೋವು ಮತ್ತು ಹಾಸನದ ಪಾಠ

ನಮ್ಮ ಮನೆಗಳಲ್ಲಿ ಎದೆನೋವಿಗೆ ಮೊದಲು ಸಿಗುವ ಹೆಸರು ಗ್ಯಾಸು. ಸೋಡಾ ಕುಡಿದು, ಅಜವಾನ ಅಗಿದು, ಬೆಳಗನ್ನು ಕಾಯುತ್ತಾರೆ. ಎದೆಯ ನಡುವೆ ಕಲ್ಲು ಹೇರಿದಂತೆ ಒತ್ತಡ, ಎಡದೋಳಿಗೆ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು, ದಮ್ಮು, ಇವು ಹತ್ತು ಹದಿನೈದು ನಿಮಿಷದಲ್ಲಿ ಇಳಿಯದಿದ್ದರೆ ಗ್ಯಾಸೆಂದು ಹೇಳುವ ಅಧಿಕಾರ ಇ.ಸಿ.ಜಿ. ಯಂತ್ರಕ್ಕೆ ಮಾತ್ರ ಇದೆ. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದ ತಾಯಂದಿರಲ್ಲಿ ನೋವೇ ಇಲ್ಲದೆ ಬರಿಯ ದಮ್ಮು, ಬೆವರು, ವಿಪರೀತ ಸುಸ್ತು ಮಾತ್ರ ಕಾಣಬಹುದು.

ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ತಮ್ಮ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ನಾಡೇ ಮರುಗಿತು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರವು ಹೃದಯಜ್ಯೋತಿ ಯೋಜನೆಯನ್ನು ಜಾರಿಗೆ ತಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೊಡ್ಡ ಹೃದ್ರೋಗ ಕೇಂದ್ರದ ತಜ್ಞರು ದೂರದಿಂದಲೇ ನೋಡಿ ಸೂಚನೆ ಕೊಡುತ್ತಾರೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ. ಹಳ್ಳಿಗರಿಗೆ ಇದರಿಂದಾದ ಉಪಕಾರ ದೊಡ್ಡದು. ದೊಡ್ಡ ಊರನ್ನು ಮುಟ್ಟುವ ಮೊದಲೇ ಚಿಕಿತ್ಸೆ ಆರಂಭವಾಗಬಲ್ಲದು. ನಿಮ್ಮ ಸಮೀಪದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ ಎಂಬುದನ್ನು ಆರೋಗ್ಯವಾಗಿರುವಾಗಲೇ ಕೇಳಿಟ್ಟುಕೊಳ್ಳಿ.

ಆದರೆ ಉದಾಸೀನದಂತೆ ಅತಿಯಾದ ಭಯವೂ ಕೆಡಕೇ. 2025ರ ಜೂನ್ ಮತ್ತು ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಹಬ್ಬಿತು. ಯಾವ ಲಕ್ಷಣವೂ ಇಲ್ಲದ ಸಾವಿರಾರು ಜನ ಮೈಸೂರು, ಬೆಂಗಳೂರುಗಳ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ನಸುಕಿನಿಂದಲೇ ಸಾಲುಗಟ್ಟಿ ನಿಂತರು. ಸರ್ಕಾರವು ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಬೇಕಾಯಿತು. ಆ ಸಾಲಿನಲ್ಲಿ ನಿಜವಾದ ಎದೆನೋವಿನ ರೋಗಿಯೊಬ್ಬ ನಿಂತಿದ್ದರೆ ಅವನ ಹೊತ್ತನ್ನು ಆರೋಗ್ಯವಂತರ ಅಂಜಿಕೆಯೇ ತಿಂದಂತಾಗುತ್ತಿತ್ತು. ಲಕ್ಷಣವಿಲ್ಲದವರು ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದೇ. ಅದಕ್ಕೆ ಹಗಲಿದೆ, ಊರ ಸರ್ಕಾರಿ ದವಾಖಾನೆಯಿದೆ. ತುರ್ತು ಚಿಕಿತ್ಸೆಯ ಕೊಠಡಿ ಅದಕ್ಕೆ ತಕ್ಕ ಜಾಗವಲ್ಲ.

ಕೂಸು, ಬಸುರಿ, ಜ್ವರ

ಭೇದಿಯಾದ ಮಗುವಿಗೆ ಒ.ಆರ್.ಎಸ್. ಪುಡಿಯ ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿನಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಿದರೆ ಬಹುಪಾಲು ಮಕ್ಕಳು ಮನೆಯಲ್ಲಿಯೇ ಚೇತರಿಸಿಕೊಳ್ಳುತ್ತಾರೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಈ ಸರಳ ದ್ರಾವಣದಿಂದಲೇ ಸಾವಿರಾರು ಜೀವಗಳನ್ನು ಉಳಿಸಿದರು. ಆದರೆ ಮಗು ಕುಡಿಯಲೊಲ್ಲದೆ ಮಂಕಾದರೆ, ಕಣ್ಣು ಗುಳಿಬಿದ್ದರೆ, ಆರೇಳು ತಾಸು ಮೂತ್ರ ಮಾಡದಿದ್ದರೆ, ಉಸಿರಾಡುವಾಗ ಪಕ್ಕೆ ಒಳಸೇರುತ್ತಿದ್ದರೆ ಕೂಡಲೇ ಹೊರಡಬೇಕು. ಮೂರು ತಿಂಗಳೊಳಗಿನ ಕೂಸಿಗೆ ಬರುವ ಜ್ವರವನ್ನು ಮನೆಮದ್ದಿಗೆ ಬಿಡಕೂಡದು.

ಗರ್ಭಿಣಿಗೆ ರಕ್ತಸ್ರಾವ, ಕಣ್ಣು ಮಂಜಾಗಿಸುವ ತಲೆನೋವು, ಸೆಳವು, ಹೊಟ್ಟೆಯಲ್ಲಿ ಕೂಸಿನ ಚಲನೆ ಕಡಿಮೆಯಾಗುವುದು, ದಿನ ತುಂಬುವ ಮೊದಲೇ ನೀರು ಹೋಗುವುದು ಇವು ಕಾಯುವಂಥವಲ್ಲ. ಹೆರಿಗೆಯಾದ ಮೇಲೆ ರಕ್ತ ಒಂದೇ ಸಮನೆ ಹೋಗುತ್ತಿದ್ದರೆ "ಬಾಣಂತಿಗೆ ಇದು ಸಹಜ" ಎಂಬ ಮಾತಿಗೆ ಕಿವಿಗೊಡಬಾರದು.

ಡೆಂಗೀ ಜ್ವರದಲ್ಲಿ ಒಂದು ಮೋಸವಿದೆ. ಜ್ವರ ಇಳಿದಾಗ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಅಪಾಯದ ಕಾಲವು ಅನೇಕ ಸಲ ಆಗಲೇ ಆರಂಭವಾಗುತ್ತದೆ. ಜ್ವರ ಬಿಟ್ಟ ಒಂದೆರಡು ದಿನದಲ್ಲಿ ವಿಪರೀತ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು ಕಂಡರೆ ಆಸ್ಪತ್ರೆಯೇ ಗತಿ.

ಕಾಯಬಹುದಾದದ್ದು

ನೆಗಡಿ, ಕೆಮ್ಮು, ನೀರು ಗಂಜಿ ಸೇವಿಸುತ್ತಿರುವ ದೊಡ್ಡವರ ಒಂದೆರಡು ದಿನದ ಜ್ವರ, ಹಳೆಯ ಮೊಣಕಾಲು ನೋವು, ತುರಿಕೆ, ಸಣ್ಣ ಗಾಯ ಇವಕ್ಕೆ ಮರುದಿನದ ದವಾಖಾನೆ ಸಾಕು. ಮನೆಯ ಯಂತ್ರದಲ್ಲಿ ರಕ್ತದೊತ್ತಡದ ಅಂಕಿ ಏರಿದ್ದು ಕಂಡ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಎದೆನೋವು, ದಮ್ಮು, ತಲೆನೋವು, ಮಂಜುಗಣ್ಣು ಇಲ್ಲದಿದ್ದರೆ ಸ್ವಲ್ಪ ವಿಶ್ರಮಿಸಿ ಮತ್ತೊಮ್ಮೆ ನೋಡಿ, ಬೆಳಗ್ಗೆ ವೈದ್ಯರನ್ನು ಕಾಣಬಹುದು. ಸಕ್ಕರೆ ಕಾಯಿಲೆಯವರು ಬೆವತು ನಡುಗಿದರೆ, ಎಚ್ಚರವಿದ್ದಲ್ಲಿ ಮೊದಲು ಸಕ್ಕರೆಯನ್ನೋ ಬೆಲ್ಲದ ನೀರನ್ನೋ ಕೊಡಬೇಕು. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ಒಯ್ಯಬೇಕು. ಕಾಯುವುದೆಂದರೆ ಮರೆತು ಮಲಗುವುದಲ್ಲ. ಒಬ್ಬರು ಎಚ್ಚರವಿದ್ದು ತಾಸಿಗೊಮ್ಮೆ ರೋಗಿಯನ್ನು ನೋಡಬೇಕು. ಮೇಲೆ ಹೇಳಿದ ಯಾವ ಲಕ್ಷಣ ಸೇರಿಕೊಂಡರೂ ಕಾಯುವಿಕೆ ಅಲ್ಲಿಗೆ ಮುಗಿಯಬೇಕು.

ಹೊರಡುವ ಬಗೆ

ಕರ್ನಾಟಕದಲ್ಲಿ 108 ಆರೋಗ್ಯ ಕವಚ ಸೇವೆಯು 2008ರ ನವೆಂಬರ್ 1ರಂದು ಆರಂಭವಾಯಿತು. ಫೋನಿನಲ್ಲಿ ಊರು, ತಾಲ್ಲೂಕು, ಗುಡಿ ಅಥವಾ ಶಾಲೆಯ ಗುರುತು ಹೇಳಿ, ಒಬ್ಬರನ್ನು ದೀಪ ಹಿಡಿಸಿ ರಸ್ತೆಗೆ ನಿಲ್ಲಿಸಬೇಕು. ವಾಹನ ಬರಲು ತಡವೆಂದು ಗೊತ್ತಾದರೆ ಊರಿನ ಯಾವುದಾದರೂ ಕಾರು ಜೀಪು ಹಿಡಿಯುವುದು ಲೇಸು. ಎದೆನೋವಿನ ರೋಗಿಯನ್ನು ಮೋಟರ್ ಸೈಕಲ್ಲಿನ ಮೇಲೆ ನಡುವೆ ಕೂರಿಸಿಕೊಂಡು ಹೋಗುವುದು ಬೇರೆ ಯಾವ ವಾಹನವೂ ಸಿಗದಾಗಿನ ಮಾತು. ಜೊತೆಗೆ ಇಬ್ಬರು ಸಾಕು. ನಿತ್ಯದ ಗುಳಿಗೆಗಳು, ಹಳೆಯ ಚೀಟಿಗಳು, ಆಧಾರ್ ಮತ್ತು ರೇಷನ್ ಕಾರ್ಡು ಒಂದೇ ಚೀಲದಲ್ಲಿರಲಿ.

ಹಣದ ಚಿಂತೆ ಅನೇಕ ಪಾದಗಳನ್ನು ಹೊಸ್ತಿಲಲ್ಲಿಯೇ ತಡೆಯುತ್ತದೆ. ತುರ್ತು ಸ್ಥಿತಿಯ ರೋಗಿಗೆ ಜೀವರಕ್ಷಕ ಚಿಕಿತ್ಸೆ ಕೊಡುವುದು ಸರ್ಕಾರಿ ಮತ್ತು ಖಾಸಗಿ ವೈದ್ಯರೆಲ್ಲರ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಹೆದ್ದಾರಿಯ ಅಪಘಾತಗಳು ನಮ್ಮ ಭಾಗಕ್ಕೆ ಹೊಸವಲ್ಲ. ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ತನಕ ನಗದುರಹಿತ ಚಿಕಿತ್ಸೆ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರವು 2025ರ ಮೇ ತಿಂಗಳಲ್ಲಿ ಜಾರಿಗೊಳಿಸಿತು. ಆದ್ದರಿಂದ ಸಾಲ ಸಿಕ್ಕ ಮೇಲೆ ಹೊರಡೋಣ ಎನ್ನಬಾರದು. ಹೊರಟ ಮೇಲೆ ಹಣದ ವಿಚಾರ ಮಾಡಬಹುದು.

ತೀರ್ಮಾನ ಯಾರದು?

ಕೊನೆಯದಾಗಿ ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ. ಅನೇಕ ಮನೆಗಳಲ್ಲಿ ಲಕ್ಷಣವನ್ನು ಮೊದಲು ಕಾಣುವವಳು ಸೊಸೆ. ಹೊರಡುವ ಅಪ್ಪಣೆ ಕೊಡಬೇಕಾದವರು ಯಜಮಾನರು. ಅತ್ತೆಯವರ ಬಾಯಿ ಸೊಟ್ಟಗಾದದ್ದನ್ನು ಅವಳು ಕಂಡಿರುತ್ತಾಳೆ, ಹೇಳಲು ಹಿಂಜರಿಯುತ್ತಾಳೆ. ಹೇಳಿದರೂ "ನಿನಗೇನು ತಿಳಿತೈತಿ, ಸುಮ್ಮನಿರವಾ" ಎಂಬ ಉತ್ತರ ಸಿಗುತ್ತದೆ. ತನಗೇ ಬೇನೆಯಾದಾಗಲಂತೂ ಅವಳು ಯಾರ ನಿದ್ದೆಯನ್ನೂ ಕೆಡಿಸಬಾರದೆಂದು ಬೆಳಗಿನವರೆಗೆ ಹಲ್ಲುಕಚ್ಚಿ ಸಹಿಸುತ್ತಾಳೆ. ಹೆಣ್ಣು ಗಂಡೆಂಬ ಭೇದವಿಲ್ಲದೆ ಎಲ್ಲರ ಅನುಭಾವಕ್ಕೂ ಬೆಲೆ ಕೊಟ್ಟ ಅನುಭವ ಮಂಟಪದ ವಾರಸುದಾರರ ಮನೆಯಲ್ಲಿ ಹೀಗಾಗಬಾರದು. ಮನೆಯವರೆಲ್ಲ ಒಂದು ದಿನ ಕುಳಿತು ಈ ಕಟ್ಟಳೆ ಮಾಡಿಕೊಳ್ಳಲಿ: ಅಪಾಯದ ಲಕ್ಷಣವನ್ನು ಯಾರು ಮೊದಲು ಕಂಡರೋ ಅವರೇ ಫೋನು ಮಾಡಬೇಕು, ಅದಕ್ಕೆ ಯಾರ ಅಪ್ಪಣೆಯೂ ಬೇಡ, ಆಸ್ಪತ್ರೆಗೆ ಹೋಗಿ ಏನೂ ಇಲ್ಲವೆಂದು ತಿಳಿದು ಬಂದರೂ ಅವರನ್ನು ಯಾರೂ ಆಡಿಕೊಳ್ಳಬಾರದು. ಆ ಒಂದು ಭರವಸೆ ಇದ್ದರೆ ಮನೆಯ ಕಿರಿಯ ಸೊಸೆಯಾಗಲಿ, ಶಾಲೆಗೆ ಹೋಗುವ ಹುಡುಗನಾಗಲಿ ಹಿಂಜರಿಯುವುದಿಲ್ಲ.

ಈ ತಿಂಗಳು ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ಒಂದು ಕಾಗದದಲ್ಲಿ 108, ಊರ ದವಾಖಾನೆಯ ವೈದ್ಯರ ಸಂಖ್ಯೆ, ರಾತ್ರಿ ಕರೆದರೆ ಬರುವ ವಾಹನದವರ ಸಂಖ್ಯೆ, ಹಾವಿನ ಪ್ರತಿವಿಷ ಮತ್ತು ಸ್ಕ್ಯಾನ್ ಇರುವ ಸಮೀಪದ ಆಸ್ಪತ್ರೆಗಳ ಹೆಸರು, ಮನೆಯ ಹಿರಿಯರು ತೆಗೆದುಕೊಳ್ಳುವ ಗುಳಿಗೆಗಳ ಹೆಸರು ಇವಿಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ದೇವರ ಜಗಲಿಯ ಪಕ್ಕದ ಗೋಡೆಗೆ ಅಂಟಿಸಿ. ದಿನವೂ ಕೈಮುಗಿಯುವಾಗ ಕಣ್ಣಿಗೆ ಬೀಳಲಿ. ದೇಹವನ್ನು ದೇಗುಲವೆಂದು ತಿಳಿದವರಿಗೆ ಅದರ ಕಾವಲೂ ಪೂಜೆಯ ಒಂದು ಅಂಗವೇ ಆಗಿದೆ.